ಎರಡು ಬೇಸಿಗೆ, ಒಂದು ಮುರಿದ ಪಿನ್ನು

ಕಲಬುರಗಿಯ ಗಂಜ್ (ಕಾಳಿನ ಮಾರುಕಟ್ಟೆ) ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬ್ಯಾನರ್, ವಿಸಿಟಿಂಗ್ ಕಾರ್ಡ್, ಇಷ್ಟೇ ಕೆಲಸ. ನಮ್ಮ ಕಡೆ ಏಪ್ರಿಲ್, ಮೇ ಅಂದರೆ ಲಗ್ನಗಳ ಸುಗ್ಗಿ. ಬಿಸಿಲು 42 ಡಿಗ್ರಿ ಮುಟ್ಟುವುದೂ ಆಗಲೇ. ಕಂಪ್ಯೂಟರ್ ಮೈಮುರಿದು ದುಡಿಯಬೇಕಾದ ದಿನಗಳೂ ಅದು ಬೆಂದುಹೋಗುವ ದಿನಗಳೂ ಒಂದೇ.

2022ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ದೊಡ್ಡ ಬ್ಯಾನರ್ ಒಂದನ್ನು ಕೋರಲ್ ಡ್ರಾದಿಂದ ಎಕ್ಸ್‌ಪೋರ್ಟ್‌ಗೆ ಹಾಕಿದ್ದೆ. ಅರ್ಧಕ್ಕೆ ಬಂದಿತ್ತು, ಪಟ್ ಅಂತ ಬಂದ್ ಆಯಿತು. ಗಿರಾಕಿ ಎದುರಿಗೇ ಕೂತಿದ್ದರು.

"ಕರೆಂಟ್ ಹೋಯ್ತೇನ್ರಿ ಸರ?"

ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಏನು ಹೇಳಲಿ?

ಸಿಪಿಯು ಡಬ್ಬಿ ಮುಟ್ಟಿ ನೋಡಿದರೆ ಕಾದ ಹಂಚು. ನನ್ನದು ಆ ಮರದ ಕಂಪ್ಯೂಟರ್ ಟೇಬಲ್, ಸಿಪಿಯು ಇಡಲು ಕೆಳಗೆ ಗೂಡು ಇರುತ್ತದಲ್ಲ, ಅದು. ಮೂರು ಕಡೆ ಹಲಗೆ, ಮುಂದೆ ಬಾಗಿಲು. ಹಿಂದೆ ವೈರ್ ಹೋಗಲು ಅಂಗೈಯಷ್ಟು ತೂತು. ಬಿಸಿ ಗಾಳಿ ಹೊರಗೆ ಹೋಗದೆ ಗೂಡಿನೊಳಗೇ ಸುತ್ತಿ ಮತ್ತೆ ಡಬ್ಬಿಯೊಳಗೆ ಹೋಗುತ್ತಿತ್ತು. ಈ ಟೇಬಲ್ ಮಾಡಿದವರು ಕಂಪ್ಯೂಟರನ್ನು ದೇವರ ಮೂರ್ತಿ ಅಂದುಕೊಂಡಿರಬೇಕು.

ಅವತ್ತೇ ಡಬ್ಬಿಯನ್ನು ಹೊರಗೆ ತೆಗೆದು ನೆಲಕ್ಕಿಟ್ಟೆ. ನಮ್ಮಲ್ಲಿ ನೆಲಕ್ಕೆ ಶಹಾಬಾದಿ ಫರ್ಸಿ (ಹಾಸುಗಲ್ಲು), ಬೇಸಿಗೆಯಲ್ಲೂ ಕಾಲಿಗೆ ತಣ್ಣಗೆ ಇರುತ್ತದೆ. ಕಂಪ್ಯೂಟರಿಗೂ ತಣ್ಣಗಿರಲಿ ಅಂದುಕೊಂಡೆ. ಡಬ್ಬಿಯ ಪಕ್ಕದ ಬಾಗಿಲು ಬಿಚ್ಚಿ ಎದುರಿಗೆ ಟೇಬಲ್ ಫ್ಯಾನ್ ಹಚ್ಚಿದೆ. ಆ ಸೀಸನ್ ಹಾಗೇ ಕಳೆಯಿತು. ಬಂದ್ ಆಗುವುದು ನಿಂತಿತು. ಜಾಣ ನಾನು ಅಂತ ಬೀಗಿದೆ ಕೂಡ.

ಆದರೆ ಗಂಜ್ ಸುತ್ತ ದಾಲ್ ಮಿಲ್‌ಗಳಿವೆ. ತೊಗರಿಯ ಹಳದಿ ಪುಡಿ ಎಲ್ಲ ಕಡೆ ಹಾರಾಡುತ್ತದೆ. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಹೆಮ್ಮೆಯೇ. ಆದರೆ ಅದರ ಪುಡಿ ಹೀಟ್‌ಸಿಂಕ್‌ನಲ್ಲಿ (ಪ್ರೊಸೆಸರಿನ ಬಿಸಿ ಎಳೆದುಕೊಳ್ಳುವ ಲೋಹದ ತುಂಡು) ಕೂತರೆ ಹೆಮ್ಮೆ ಪಡಲು ಆಗುವುದಿಲ್ಲ. ಪಕ್ಕದ ಬಾಗಿಲು ತೆಗೆದಿದ್ದೆ, ಡಬ್ಬಿ ನೆಲದ ಮೇಲೆ ಇತ್ತು. ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಎದ್ದ ಧೂಳನ್ನೆಲ್ಲ ನಾನೇ ಟೇಬಲ್ ಫ್ಯಾನ್ ಹಚ್ಚಿ ಒಳಗೆ ತುಂಬಿದಂತಾಯಿತು. ದೀಪಾವಳಿಗೆ ನೋಡಿದರೆ ಡಬ್ಬಿಯೊಳಗಿನ ಫ್ಯಾನಿನ ಕೆಳಗೆ ಕಂಬಳಿ ಹೊದಿಸಿದ ಹಾಗೆ ಒಂದು ಪದರ.

ಅಲ್ಲಿ ಎರಡನೇ ತಪ್ಪು ಮಾಡಿದೆ. ಡಬ್ಬಿಯನ್ನು ಬೈಕ್ ಹಿಂದೆ ಕಟ್ಟಿಕೊಂಡು ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸಿದೆ. ಧೂಳು ಹಾರಿದ್ದು ನಿಜ. ಆದರೆ ಆ ಟ್ಯಾಂಕಿನ ಗಾಳಿಯ ಜೊತೆ ನೀರಿನ ಹನಿಯೂ ಬರುತ್ತದೆ. ಬೋರ್ಡ್ ಮೇಲೆ ಸಣ್ಣ ಸಣ್ಣ ಹನಿ ನೋಡಿ ಎದೆ ಧಸಕ್ ಅಂದಿತು. ಎರಡು ದಿನ ಒಣಗಲು ಬಿಟ್ಟು ಆಮೇಲೆ ಚಾಲೂ ಮಾಡಿದೆ. ಅದೃಷ್ಟ, ನಡೆಯಿತು.

ಮುಂದಿನ ಬೇಸಿಗೆ ಹಿಂದಿನದಕ್ಕಿಂತ ಕೆಟ್ಟದಾಯಿತು. ಬಂದ್ ಆಗುತ್ತಿರಲಿಲ್ಲ, ಆದರೆ ಮಧ್ಯಾಹ್ನ ಆದರೆ ಸಾಕು, ತೆವಳುತ್ತಿತ್ತು. ಕನ್ನಡ ಟೈಪಿಂಗಿನ 'ನುಡಿ' ಪ್ರೋಗ್ರಾಂನಲ್ಲಿ ಒಂದು ಅಕ್ಷರ ಟೈಪ್ ಮಾಡಿದರೆ ಪರದೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಪದ ಮರೆತುಹೋಗುತ್ತಿತ್ತು. ರಿಪೇರಿಯವರೊಬ್ಬರು ಬಂದು, ಡಬ್ಬಿ ತೆರೆಯದೇನೇ, ಮದರ್‌ಬೋರ್ಡ್ ಹೋಗಿದೆ ಎಂದರು. ಆಗ ಹಟಕ್ಕೆ ಬಿದ್ದೆ. ಸರಿ, ಮೊದಲು ಅಳೆದು ನೋಡೋಣ.

ಪ್ರೊಸೆಸರಿನ ಬಿಸಿ ತೋರಿಸುವ ಕೋರ್ ಟೆಂಪ್ ಅನ್ನುವ ಪುಟ್ಟ ಪ್ರೋಗ್ರಾಂ ಹಾಕಿಕೊಂಡೆ. ಗೋಡೆಗೆ ಒಂದು ಥರ್ಮಾಮೀಟರ್ ನೇತುಹಾಕಿದೆ. ನನ್ನದು ಇಂಟೆಲ್ ಐ5-7400 ಪ್ರೊಸೆಸರ್. ಅದರ ಗಡಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಅದಕ್ಕೂ ಮೀರಿದರೆ ಬಂದ್. ನಾನು ನೋಡಿದ್ದು: ಕೋಣೆ 40, ಎಕ್ಸ್‌ಪೋರ್ಟ್ ಹಾಕಿದಾಗ ಪ್ರೊಸೆಸರ್ 99. ತೆವಳುವುದಕ್ಕೆ ಕಾರಣ ಅದೇ.

ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದರೆ ತನ್ನದು 60 ದಾಟಲ್ಲ ಅಂತ ನಕ್ಕ. ಅವನ ಕೋಣೆ 25 ಇರುತ್ತದೆ, ನಗದೆ ಇನ್ನೇನು. ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ ಅಷ್ಟೇ. ಕೋಣೆಯೇ 40 ಇದ್ದರೆ ಪ್ರೊಸೆಸರ್ ಅದಕ್ಕಿಂತ ಕೆಳಗೆ ಇಳಿಯುವ ಮಾತೇ ಇಲ್ಲ. ಹಾಗಾಗಿ ಬರೀ ಡಿಗ್ರಿ ನೋಡಬಾರದು, ಕೋಣೆಗೂ ಪ್ರೊಸೆಸರಿಗೂ ಇರುವ ಅಂತರ ನೋಡಬೇಕು. ಅವನದು 35. ನನ್ನದು 59. ಬಿಸಿಲಿನ ಮೇಲೆ ತಪ್ಪು ಹೊರಿಸಿ ಕೂತಿದ್ದವನಿಗೆ ಈ ಒಂದು ಲೆಕ್ಕದಿಂದ ಕಣ್ಣು ತೆರೆಯಿತು. ರೋಗ ಡಬ್ಬಿಯೊಳಗೇ ಇತ್ತು.

ಭಾನುವಾರ ಅಂಗಡಿ ಮುಚ್ಚಿ ಕೆಲಸಕ್ಕೆ ಕೂತೆ. ಪ್ಲಗ್ ಕಿತ್ತು, ಡಬ್ಬಿಯ ಬರಿ ಕಬ್ಬಿಣ ಒಮ್ಮೆ ಮುಟ್ಟಿ (ಮೈಯ ಸ್ಟ್ಯಾಟಿಕ್ ಇಳಿಯಲಿ ಅಂತ), ಕೈ ಬ್ಲೋವರ್‌ನಿಂದ ಧೂಳು ತೆಗೆದೆ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಗೆ ಒಂದು ಪೆನ್ಸಿಲ್ ಅಡ್ಡ ಇಡಿ. ಅದು ಗಾಳಿಗೆ ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹಾಳು. ಎಸ್‌ಎಂಪಿಎಸ್‌ಗೆ (ಡಬ್ಬಿಯೊಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಹೊರಗಿನಿಂದ ಮಾತ್ರ ಗಾಳಿ ಹೊಡೆದೆ. ಅದನ್ನು ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ.

ಮತ್ತೆ ಅಳೆದೆ. 93. ಇಷ್ಟು ಧೂಳು ತೆಗೆದರೂ ಬರೀ ಆರು ಡಿಗ್ರಿ! ಬೇಜಾರಾಗಿ ಹೀಟ್‌ಸಿಂಕ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಒಂದು ಮೂಲೆ ಕಟಕಟ ಅಂದಿತು.

ಇಂಟೆಲ್ ಪ್ರೊಸೆಸರಿನ ಜೊತೆ ಬರುವ ಕೂಲರಿಗೆ (ಹೀಟ್‌ಸಿಂಕ್, ಫ್ಯಾನು ಸೇರಿದ್ದು) ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಿರುತ್ತವೆ. ಬಾಣದ ಗುರುತಿನ ಕಡೆ ತಿರುಗಿಸಿ ಎಳೆದರೆ ಬಿಡುತ್ತವೆ. ಮೂರು ಸರಿಯಾಗಿ ಬಂದವು. ನಾಲ್ಕನೆಯದರ ತುದಿಯ ಬಿಳಿ ಕವಲು ಮುರಿದು ಬೋರ್ಡಿನ ಹಿಂದೆ ಬಿದ್ದಿತ್ತು. ಬಹುಶಃ ಬೈಕ್ ಮೇಲಿನ ಆ ಸವಾರಿಯಲ್ಲೇ ಹೋಗಿರಬೇಕು. ಕೂಲರ್ ಎತ್ತಿ ನೋಡಿದರೆ, ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸಲು ಮಧ್ಯೆ ಹಚ್ಚುವ ಪೇಸ್ಟ್ ಸುಣ್ಣದ ಹಾಗೆ ಒಣಗಿ ಬಿರುಕು ಬಿಟ್ಟಿದೆ. ಮುರಿದ ಪಿನ್ನಿನ ಕಡೆಯಂತೂ ಲೋಹಕ್ಕೆ ಲೋಹ ತಾಗಿದ ಗುರುತೇ ಇಲ್ಲ. ಮಧ್ಯೆ ಕೂದಲೆಳೆಯಷ್ಟು ಗಾಳಿ. ಬಿಸಿ ಹೀಟ್‌ಸಿಂಕ್‌ಗೆ ಏರದಿದ್ದರೆ ಫ್ಯಾನು ಎಷ್ಟು ತಿರುಗಿದರೇನು!

ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಬಜಾರಿನ ಕಡೆ ಎರಡು ಅಂಗಡಿ ಸುತ್ತಿ ಪಿನ್ನುಗಳ ಸೆಟ್ಟು, ಒಂದು ಪೇಸ್ಟ್ ಟ್ಯೂಬು ತಂದೆ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಹೊಳೆಯುವವರೆಗೆ ಒರೆಸಿದೆ. ಪೇಸ್ಟ್ ಒಂದು ಬಟಾಣಿಯಷ್ಟು, ನಡುವೆ. ಜಾಸ್ತಿ ಹಚ್ಚಿದರೆ ಜಾಸ್ತಿ ತಂಪು ಅಂತಿಲ್ಲ. ಪಿನ್ನುಗಳನ್ನು ಮೂಲೆಗೆ ಮೂಲೆ ಎದುರುಬದುರು ಒತ್ತಬೇಕು, ಟಕ್ ಅಂತ ಸದ್ದು ಬರುವವರೆಗೆ. ಬೋರ್ಡ್ ಬಾಗುವುದು ನೋಡಿ ಭಯ ಆಗುತ್ತದೆ. ಹೆದರಿ ಅರ್ಧಕ್ಕೆ ಬಿಟ್ಟರೆ ಮತ್ತದೇ ಕಥೆ. ಆಮೇಲೆ ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನಾಲ್ಕೂ ಕವಲು ಹೊರಗೆ ಬಂದಿವೆಯಾ ನೋಡಿದೆ.

ಕೋಣೆ 40, ಪ್ರೊಸೆಸರ್ 77. ಡಿಸೆಂಬರ್‌ನಲ್ಲಿ ಇನ್ನೊಮ್ಮೆ ನೋಡಿದಾಗ ಕೋಣೆ 24, ಪ್ರೊಸೆಸರ್ 61. ಅಂತರ ಎರಡೂ ಸಲ 37.

ಉಳಿದದ್ದೆಲ್ಲ ಚಿಲ್ಲರೆ. ಡಬ್ಬಿಯನ್ನು ನೆಲದಿಂದ ಎತ್ತಿ ಎರಡು ಇಟ್ಟಿಗೆ ಮೇಲಿಟ್ಟೆ, ಗೋಡೆಯಿಂದ ಒಂದು ಗೇಣು ದೂರ. ಪಕ್ಕದ ಬಾಗಿಲು ಮುಚ್ಚಿದೆ. ಮುಂದೆ 120 ಮಿಲಿಮೀಟರಿನ ಒಂದು ಫ್ಯಾನ್ ಹಾಕಿದೆ. ಬೆಳಿಗ್ಗೆ ಪೂಜೆ ಮಾಡಿ ಊದುಬತ್ತಿ ಬೆಳಗುವಾಗ ನೋಡುತ್ತೇನೆ, ಮುಂದಿನಿಂದ ಒಳಗೆ ಹೋಗಬೇಕಾದ ಹೊಗೆ ನನ್ನ ಮುಖಕ್ಕೇ ಬರುತ್ತಿದೆ. ಫ್ಯಾನ್ ಉಲ್ಟಾ ಕೂರಿಸಿದ್ದೆ! ಸ್ಟಿಕ್ಕರ್ ಇರುವ ಬದಿಗೆ ಗಾಳಿ ಬರುತ್ತದೆ ಅಂತ ಅವತ್ತು ಕಲಿತೆ. ತಿರುಗಿಸಿ ಹಾಕಿದ ಮೇಲೆ ಹೊಗೆ ಮುಂದೆ ಒಳಗೆ ಹೋಗಿ ಹಿಂದೆ ಸಣ್ಣ ಎಳೆಯಾಗಿ ಹೊರಗೆ ಬಂತು.

ಆ ಫ್ಯಾನಿನ ಮುಂದೆ ಧೂಳಿಗೆ ಅಂತ ಮನೆಯಾಕೆಯ ಹಳೆ ದುಪಟ್ಟಾ ಎರಡು ಪದರ ಮಡಚಿ ಅಂಟಿಸಿದೆ. ನಾಲ್ಕು ಡಿಗ್ರಿ ಏರಿತು. ಒಂದು ಪದರ ತೆಗೆದೆ, ಸರಿಹೋಯಿತು. ವಾರಕ್ಕೊಮ್ಮೆ ಜಾಡಿಸಿ ತೊಳೆದು ಒಣಗಿಸಿ ಹಾಕುತ್ತೇನೆ. ಅದರಿಂದ ಇಳಿಯುವ ಹಳದಿ ನೀರು ನೋಡಿದರೆ ನಾವು ದಿನಾ ಏನು ಉಸಿರಾಡುತ್ತಿದ್ದೇವೆ ಅನ್ನಿಸುತ್ತದೆ.

ಕೋಣೆಗೆ ಹಚ್ಚುವ ನೀರಿನ ಕೂಲರ್ ಬಗ್ಗೆ ಒಂದು ಮಾತು. ನಮ್ಮದು ಒಣ ಬಿಸಿಲು, ಕೂಲರ್ ಹಚ್ಚಿದರೆ ಕೋಣೆ ಏಳೆಂಟು ಡಿಗ್ರಿ ಇಳಿಯುತ್ತದೆ, ಪ್ರೊಸೆಸರೂ ಅಷ್ಟೇ ಇಳಿಯುತ್ತದೆ. ಆದರೆ ಡಬ್ಬಿಗೆ ನೇರ ತಿರುಗಿಸಬೇಡಿ. ನಾನು ತಿರುಗಿಸಿ, ಸಿಡಿದ ಹನಿಗಳಿಂದ ಹಿಂದಿನ ಸ್ಕ್ರೂಗಳಿಗೆ ತುಕ್ಕು ಹಿಡಿಸಿಕೊಂಡೆ. ಕೂಲರ್ ಇಲ್ಲದಿದ್ದರೆ ವಿಂಡೋಸ್‌ನ ಪವರ್ ಆಪ್ಷನ್‌ನಲ್ಲಿ ಪ್ರೊಸೆಸರ್‌ನ ಮ್ಯಾಕ್ಸಿಮಮ್ 99 ಪರ್ಸೆಂಟ್ ಮಾಡಿ. ಟರ್ಬೊ ನಿಲ್ಲುತ್ತದೆ. ನನ್ನದು 3.5 ಗಿಗಾಹರ್ಟ್ಸ್‌ವರೆಗೆ ಹೋಗುವುದು ಬಿಟ್ಟು 3ರಲ್ಲೇ ಓಡುತ್ತದೆ. ಲಗ್ನಪತ್ರಿಕೆಗೆ ಅದು ಧಾರಾಳ ಆಯಿತು.

ಪೇಸ್ಟ್ ಹಚ್ಚಿದ ತಾರೀಖನ್ನು ಪಕ್ಕದ ಬಾಗಿಲಿನ ಒಳಗಡೆ ಮಾರ್ಕರ್‌ನಿಂದ ಬರೆದಿಟ್ಟಿದ್ದೇನೆ. ಮೊನ್ನೆಯಿಂದ ಎಸ್‌ಎಂಪಿಎಸ್ ಫ್ಯಾನು ಕಿರ್ ಕಿರ್ ಅನ್ನುತ್ತಿದೆ. ಮೇ ಮುಗಿಯಲಿ, ನೋಡೋಣ.