ಒಡಿಬಿಸಿ ಡ್ರೈವರ್ ಹಾಕುವ ಮುನ್ನ ಕಂಪ್ಯೂಟರನ್ನು ಸಜ್ಜುಗೊಳಿಸುವುದು ಹೇಗೆ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿಗಳಲ್ಲಿ ಮತ್ತು ಸಹಕಾರ ಸಂಘಗಳಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿದ ದಿನದ ಆವಕದ ಲೆಕ್ಕ ಸರ್ವರ್‌ನಲ್ಲಿರುತ್ತದೆ. ಕಾರ್ಯದರ್ಶಿಗಳಿಗೆ ಅದೇ ಲೆಕ್ಕ ಎಕ್ಸೆಲ್‌ನಲ್ಲಿ ಬೇಕಾಗಿರುತ್ತದೆ. ಗುಮಾಸ್ತರು ಮತ್ತೆ ಕೈಯಿಂದ ಟೈಪು ಮಾಡದೆ ಮಾಹಿತಿ ನೇರವಾಗಿ ಹರಿದುಬರಬೇಕಾದರೆ ನಡುವೆ ಒಡಿಬಿಸಿ (ಓಪನ್ ಡೇಟಾಬೇಸ್ ಕನೆಕ್ಟಿವಿಟಿ) ಡ್ರೈವರ್, ಅಂದರೆ ಡೇಟಾಬೇಸನ್ನು ಇತರ ತಂತ್ರಾಂಶಗಳಿಗೆ ಜೋಡಿಸುವ ಸೇತುವೆ ಇರಬೇಕು. ಮೈಕ್ರೋಸಾಫ್ಟ್ 1992ರಲ್ಲಿ ಹೊರತಂದ ಈ ವ್ಯವಸ್ಥೆ ಇಂದಿಗೂ ಬಳಕೆಯಲ್ಲಿದೆ. ಡ್ರೈವರ್ ಹಾಕುವುದು ಕೆಲವೇ ನಿಮಿಷಗಳ ಕೆಲಸ. ಆದರೆ ಸಿದ್ಧತೆಯಿಲ್ಲದೆ ಇನ್‌ಸ್ಟಾಲ್ ಒತ್ತಿ, ಆಮೇಲೆ ದಿನವಿಡೀ ದೋಷಸಂದೇಶಗಳೊಡನೆ ಗುದ್ದಾಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಮೊದಲಿಗೆ, ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಖಾತೆಯಿಂದ ಲಾಗಿನ್ ಆಗಿ ಏನಾದರೂ ಕೆಟ್ಟರೆ ಯಂತ್ರವನ್ನು ಈಗಿನ ಸ್ಥಿತಿಗೆ ಮರಳಿಸಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ. ಮಳೆಗಾಲವಾದರೆ ಯುಪಿಎಸ್ ಬ್ಯಾಟರಿಯಲ್ಲಿ ಜೀವವಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಅರ್ಧ ಸ್ಥಾಪನೆಯಾದಾಗ ಕರೆಂಟು ಹೋದರೆ, ಡ್ರೈವರ್ ಇದೆಯೆಂದೂ ಅಲ್ಲ, ಇಲ್ಲವೆಂದೂ ಅಲ್ಲ ಎಂಬ ಸ್ಥಿತಿಗೆ ಯಂತ್ರ ಬಂದು ನಿಲ್ಲಬಹುದು.

ಎರಡನೆಯದು ಬಿಟ್‌ಗಳ ವಿಚಾರ, ಅಂದರೆ ತಂತ್ರಾಂಶ 32 ಬಿಟ್‌ನದೋ 64 ಬಿಟ್‌ನದೋ ಎಂಬುದು. ಹೆಚ್ಚಿನವರು ಎಡವುವುದು ಇಲ್ಲೇ ಆದ್ದರಿಂದ ನಿಧಾನವಾಗಿ ಓದಿಕೊಳ್ಳಬೇಕು. ನಿಮ್ಮ ವಿಂಡೋಸ್ 64 ಬಿಟ್‌ನದಾಗಿದ್ದರೆ ಡ್ರೈವರ್ ಕೂಡ 64 ಬಿಟ್‌ನದೇ ಇರಬೇಕೆಂದು ಬಹುತೇಕರು ತಿಳಿಯುತ್ತಾರೆ, ಅದು ತಪ್ಪು. ಡ್ರೈವರನ್ನು ಬಳಸುವ ತಂತ್ರಾಂಶ ಎಷ್ಟು ಬಿಟ್‌ನದೋ ಡ್ರೈವರ್ ಅಷ್ಟೇ ಬಿಟ್‌ನದಿರಬೇಕು. ಆಫೀಸ್ 2016ರವರೆಗೂ ಮೈಕ್ರೋಸಾಫ್ಟ್ ತಾನಾಗಿ ಹಾಕುತ್ತಿದ್ದದ್ದು 32 ಬಿಟ್‌ನ ಆವೃತ್ತಿಯಾದ್ದರಿಂದ, ಹೊಸ ಕಂಪ್ಯೂಟರಿನಲ್ಲಿ ಹಳೆಯ ಎಕ್ಸೆಲ್ ಓಡುತ್ತಿರುವ ಕಚೇರಿಯಲ್ಲಿ ಬೇಕಾಗುವುದು ಸಾಮಾನ್ಯವಾಗಿ 32 ಬಿಟ್ ಡ್ರೈವರೇ. ಆಫೀಸ್ 2019ರಿಂದೀಚೆಗೆ 64 ಬಿಟ್ ರೂಢಿಯಾಗಿದೆ.

ಇದನ್ನು ಊಹಿಸಬೇಕಾಗಿಲ್ಲ, ಕಣ್ಣಾರೆ ನೋಡಬಹುದು. ಎಕ್ಸೆಲ್ ತೆರೆದು ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಎಂದು ಒತ್ತುತ್ತ ಹೋದರೆ, ತೆರೆದುಕೊಳ್ಳುವ ಕಿಟಕಿಯ ಮೇಲ್ಭಾಗದ ಸಾಲಿನ ಕೊನೆಯಲ್ಲಿ 32-ಬಿಟ್ ಅಥವಾ 64-ಬಿಟ್ ಎಂದಿರುತ್ತದೆ. ಬೇರೆ ತಂತ್ರಾಂಶವಾದರೆ ಅದನ್ನು ಓಡಿಸಿಟ್ಟು, ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಅಂಕಣಗಳ ತಲೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ಲಾಟ್‌ಫಾರ್ಮ್ ಎಂಬ ಅಂಕಣವನ್ನು ಸೇರಿಸಿಕೊಳ್ಳಿ. ಆ ತಂತ್ರಾಂಶದ ಹೆಸರಿನ ಮುಂದೆಯೇ ಉತ್ತರವಿರುತ್ತದೆ.

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ವಿಂಡೋಸ್‌ನಲ್ಲಿ ಡ್ರೈವರ್‌ಗಳನ್ನೂ ಸಂಪರ್ಕಗಳನ್ನೂ ನೋಡಿಕೊಳ್ಳುವ ಒಡಿಬಿಸಿ ಅಡ್ಮಿನಿಸ್ಟ್ರೇಟರ್‌ಗಳು ಎರಡಿವೆ, ಎರಡರ ಕಡತದ ಹೆಸರೂ ಒಡಿಬಿಸಿಎಡಿ32 ಎಂದೇ. 64 ಬಿಟ್‌ನದು ಸಿಸ್ಟಮ್32 ಎಂಬ ಫೋಲ್ಡರಿನಲ್ಲೂ, 32 ಬಿಟ್‌ನದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲೂ ಕುಳಿತಿವೆ. ಹೆಸರು ನೋಡಿ ಹೋದವರು ಖಂಡಿತವಾಗಿ ತಪ್ಪು ಬಾಗಿಲು ತಟ್ಟುತ್ತಾರೆ. ವಿಂಡೋಸ್ 10 ಮತ್ತು 11ರಲ್ಲಿ ಸ್ಟಾರ್ಟ್ ಮೆನುವಿನಲ್ಲೇ ಎರಡೂ ಬೇರೆ ಬೇರೆಯಾಗಿ ಕಾಣಿಸುವುದರಿಂದ ಅಲ್ಲಿಂದಲೇ ತೆರೆಯುವುದು ಕ್ಷೇಮ. ಎರಡನ್ನೂ ತೆರೆದು, ಡ್ರೈವರ್ಸ್ ಪುಟದಲ್ಲಿ ಈಗಾಗಲೇ ಏನೇನಿದೆ, ಯಾವ ಆವೃತ್ತಿ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಲದೇ ಎನ್ನುವವರಿದ್ದಾರೆ. ಬೇಕಾದ ಹೊತ್ತಿಗೆ ಆ ಫೋಟೊ ಸಿಗುವುದಿಲ್ಲ.

ಇಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಯಂತ್ರದ ಎಲ್ಲ ಬಳಕೆದಾರರಿಗೂ ಸಿಗುವ, ಸಿಸ್ಟಮ್ ಡಿಎಸ್ಎನ್ ಎಂಬ ಸಂಪರ್ಕದ ನಮೂದನ್ನು 64ರ ಕಡೆ ಮಾಡಿ 32 ಬಿಟ್ ಎಕ್ಸೆಲ್‌ನಿಂದ ಕರೆದರೆ, ಅಂಥ ಹೆಸರೇ ಇಲ್ಲವೆಂದು ಐಎಂ002 ಎಂಬ ದೋಷ ಬರುತ್ತದೆ. ಒಬ್ಬ ಬಳಕೆದಾರರಿಗಷ್ಟೇ ಸೇರಿದ ಯೂಸರ್ ಡಿಎಸ್ಎನ್ ಎರಡೂ ಕಡೆ ಕಾಣುವುದರಿಂದ ಅಲ್ಲಿ ಬರುವುದು ಐಎಂ014, ಅಂದರೆ ಬಿಟ್‌ಗಳು ಹೊಂದುತ್ತಿಲ್ಲ ಎಂಬ ದೂರು. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗಳ ಡ್ರೈವರ್‌ಗಳ ಎರಡೂ ರೂಪಗಳನ್ನು ಒಂದೇ ಯಂತ್ರದಲ್ಲಿ ಹಾಕಿಕೊಳ್ಳಬಹುದು, ಜಗಳವಿಲ್ಲ. ಅಕ್ಸೆಸ್ ಕಡತಗಳನ್ನು ಓದಲು ಬೇಕಾಗುವ ಅಕ್ಸೆಸ್ ಡೇಟಾಬೇಸ್ ಎಂಜಿನ್ ಮಾತ್ರ ಹಾಗಲ್ಲ. ಆಫೀಸ್ ಒಂದು ಬಿಟ್‌ನದಾಗಿದ್ದು ಎಂಜಿನ್ ಇನ್ನೊಂದರದಾದರೆ ಸ್ಥಾಪನೆ ಅರ್ಧದಲ್ಲೇ ನಿಲ್ಲುತ್ತದೆ. ಆದೇಶದ ಸಾಲಿನಲ್ಲಿ ಕ್ವಯಟ್ ಎಂದು ಸೇರಿಸಿ ಬಲವಂತವಾಗಿ ತೂರಿಸುವ ಒಂದು ಅಡ್ಡದಾರಿ ಚಾಲ್ತಿಯಲ್ಲಿದೆ. ಮೈಕ್ರೋಸಾಫ್ಟ್ ಅದನ್ನು ಬೆಂಬಲಿಸುವುದಿಲ್ಲ, ನೀವೂ ಆ ದಾರಿ ಹಿಡಿಯಬೇಡಿ.

ಮೂರನೆಯದಾಗಿ, ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಪೂರಕ ಕಡತಗಳ ಕಟ್ಟನ್ನು ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಂಡು ಹಾಕಿ. 32 ಬಿಟ್ ಡ್ರೈವರ್‌ಗೆ ಎಕ್ಸ್86 ಎಂಬ ಕಟ್ಟೇ ಬೇಕು. ಎಕ್ಸ್64 ಈಗಾಗಲೇ ಇದ್ದರೂ ಅದರಿಂದ ಉಪಯೋಗವಿಲ್ಲ. ಎರಡನ್ನೂ ಹಾಕಿಬಿಡುವುದೇ ನನ್ನ ರೂಢಿ. ಇದಿಲ್ಲದಿದ್ದರೆ ಡ್ರೈವರ್ ಪಟ್ಟಿಯಲ್ಲಿದ್ದೂ, ಬೇಕಾದ ಕಡತ ಸಿಗಲಿಲ್ಲ ಎಂಬರ್ಥದ ಸಿಸ್ಟಮ್ ಎರರ್ 126 ಎಂದು ಹೇಳಿ ತೆರೆದುಕೊಳ್ಳುವುದಿಲ್ಲ. ಆಗ ಕೆಲವರು ಯಾವುದೋ ತಾಣದಿಂದ ಒಂಟಿ ಡಿಎಲ್ಎಲ್ ಕಡತವನ್ನು ತಂದು ಸಿಸ್ಟಮ್ ಫೋಲ್ಡರಿಗೆ ಸುರಿಯುತ್ತಾರೆ. ವೈರಸ್ಸಿಗೆ ಅದಕ್ಕಿಂತ ಒಳ್ಳೆಯ ಆಹ್ವಾನಪತ್ರಿಕೆ ಇಲ್ಲ. ಹಾಗೆಯೇ, ಡ್ರೈವರ್ ಅಪ್‌ಡೇಟರ್ ಎಂದು ಜಾಹೀರಾತು ಕೊಡುವ ತಂತ್ರಾಂಶಗಳು ಪ್ರಿಂಟರ್, ಸೌಂಡ್ ಕಾರ್ಡ್‌ಗಳ ವ್ಯವಹಾರದವು; ಈ ಕೆಲಸಕ್ಕೆ ಅವುಗಳಿಂದ ಕಾಸಿನ ಪ್ರಯೋಜನವಿಲ್ಲ.

ಕನ್ನಡದಲ್ಲಿ ಸದಸ್ಯರ ಹೆಸರಿರುವ ಕಚೇರಿಗಳು ಇನ್ನೊಂದನ್ನು ಮೊದಲೇ ತೀರ್ಮಾನಿಸಬೇಕು. ಮೈಎಸ್‌ಕ್ಯುಎಲ್‌ನ ಡ್ರೈವರ್ ಹಾಕಿದಾಗ ಪಟ್ಟಿಯಲ್ಲಿ ಆನ್ಸಿ ಮತ್ತು ಯೂನಿಕೋಡ್ ಎಂದು ಎರಡು ಹೆಸರುಗಳು ಕಾಣುತ್ತವೆ. ಆನ್ಸಿಯನ್ನು ಆರಿಸಿಕೊಂಡರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದು ನಿಲ್ಲುವ ಸಂಭವವಿದೆ, ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಹಿಡಿದಿಡುವ ಯೂನಿಕೋಡನ್ನೇ ಆರಿಸಿ. ಆದರೆ ಹಳೆಯ ದಾಖಲೆಗಳನ್ನು ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪು ಮಾಡಿದ್ದರೆ, ಅಲ್ಲಿ ಸಂಗ್ರಹವಾಗಿರುವುದೇ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಡ್ರೈವರ್ ಬದಲಿಸಿದರೆ ಅವು ಕನ್ನಡವಾಗುವುದಿಲ್ಲ. ಮೊದಲು ಪರಿವರ್ತಕದಿಂದ ಯೂನಿಕೋಡಿಗೆ ತಂದುಕೊಳ್ಳಬೇಕು.

ಇನ್ನು ಸಂಪರ್ಕ. ಸರ್ವರ್‌ನ ವಿಳಾಸ, ಪೋರ್ಟ್ ಸಂಖ್ಯೆ, ಡೇಟಾಬೇಸಿನ ಹೆಸರು, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಈ ಐದೂ ಕೈಯಲ್ಲಿರಬೇಕು. ಪೋರ್ಟ್ ಸಂಖ್ಯೆಯನ್ನು ಯಾರೂ ಬದಲಿಸದಿದ್ದರೆ ಮೈಎಸ್‌ಕ್ಯುಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432, ಎಸ್‌ಕ್ಯುಎಲ್ ಸರ್ವರ್‌ಗೆ 1433. ವಿಂಡೋಸ್‌ನ ಆದೇಶ ಕೊಡುವ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಆದೇಶಕ್ಕೆ ವಿಳಾಸವನ್ನೂ ಪೋರ್ಟನ್ನೂ ಕೊಟ್ಟು, ಕೊನೆಯ ಸಾಲಿನಲ್ಲಿ ಟ್ರೂ ಎಂದು ಬರುವವರೆಗೆ ಡ್ರೈವರ್ ಮುಟ್ಟಬೇಡಿ. ಫಾಲ್ಸ್ ಬಂದರೆ ತೊಂದರೆ ಫೈರ್‌ವಾಲ್‌ನಲ್ಲೋ ಸರ್ವರ್‌ನಲ್ಲೋ ಇದೆ. ಸರ್ವರ್‌ನ ಸಕಲ ಅಧಿಕಾರವೂ ಇರುವ ರೂಟ್ ಖಾತೆಯ ಪಾಸ್‌ವರ್ಡನ್ನು ಗುಮಾಸ್ತರ ಯಂತ್ರದಲ್ಲಿ ಎಂದೂ ಹಾಕಬಾರದು. ಓದಲು ಮಾತ್ರ ಅನುಮತಿಯಿರುವ ಬೇರೆ ಖಾತೆಯನ್ನು ಮಾಡಿಸಿ, ಅದಕ್ಕೆ ಆ ಯಂತ್ರದಿಂದ ಪ್ರವೇಶ ಕೊಡಿಸಿಕೊಳ್ಳಿ. ಸರ್ವರ್‌ನ ವಿಳಾಸವನ್ನು ಸ್ಥಿರಗೊಳಿಸುವುದೂ ಮುಖ್ಯ. ಕರೆಂಟು ಹೋಗಿ ಬಂದಾಗ ರೌಟರ್ ಹೊಸ ವಿಳಾಸ ಹಂಚಿಬಿಟ್ಟರೆ, ನಿನ್ನೆ ಸರಿಯಿದ್ದ ಡ್ರೈವರ್ ಇಂದು ಕೆಟ್ಟಂತೆ ಕಾಣುತ್ತದೆ.

ತೀರ ಹಳೆಯ ಯಂತ್ರವಾದರೆ ಮೂಲೆಯ ಗಡಿಯಾರವನ್ನೊಮ್ಮೆ ನೋಡಿ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಹೋಗಿದ್ದರೆ, ಗೂಢಲಿಪಿ ಬಳಸುವ ಸಂಪರ್ಕದಲ್ಲಿ ಸರ್ವರ್‌ನ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರ ಅಸಿಂಧುವಾಗುತ್ತದೆ. ಎಸ್‌ಕ್ಯುಎಲ್ ಸರ್ವರ್‌ಗಾಗಿ ಇರುವ 18ನೇ ಆವೃತ್ತಿಯ ಡ್ರೈವರ್ ಗೂಢಲಿಪಿಯನ್ನು ತಾನಾಗಿಯೇ ಕೇಳುವುದರಿಂದ, ಸರ್ವರ್‌ನಲ್ಲಿ ನಂಬಿಕೆಯ ಪ್ರಮಾಣಪತ್ರ ಇದೆಯೇ ಎಂದು ಅದನ್ನು ನೋಡಿಕೊಳ್ಳುವವರನ್ನು ಮೊದಲೇ ಕೇಳಿಡಿ.

ಬಾಕಿ ಉಳಿದ ವಿಂಡೋಸ್ ಅಪ್‌ಡೇಟ್ ಇದ್ದರೆ ಮುಗಿಸಿ, ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ತೆರೆದಿರುವ ಎಕ್ಸೆಲ್ ಮತ್ತು ಲೆಕ್ಕಪತ್ರದ ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ, ಬರೆದಿಟ್ಟ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು, ನಿಮ್ಮ ತಂತ್ರಾಂಶದ ಬಿಟ್‌ಗೆ ಹೊಂದುವ ಡ್ರೈವರಿನ ಕಡತವನ್ನು ತೆರೆಯಿರಿ.