ಗೊಬ್ಬರಕ್ಕೆ ನಿಯಮ ಮಾಡುವ ಮೊದಲು ರೈತರ ಲೆಕ್ಕ ನೋಡುವುದು ಹೇಗೆ?

ಹೆಚ್ಚಾದ ಗೊಬ್ಬರ ಸೋರಿ ಬಾವಿ ನೀರಿನಲ್ಲಿ ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕದ ರೂಪ) ಜಾಸ್ತಿಯಾಯಿತು, ಕೆರೆ ತುಂಬ ಪಾಚಿ ಕಟ್ಟಿತು ಅಂದ ಕೂಡಲೇ 'ರೈತರಿಗೆ ತಿಳಿವಳಿಕೆ ಇಲ್ಲ' ಎಂಬ ಮಾತು ಬರುತ್ತದೆ. ಸುಮ್ನೆ ಆಡುವ ಮಾತು ಅದು. ಗೊಬ್ಬರ ಸುರಿಯುವುದಕ್ಕೆ ರೈತರಿಗೆ ಅವರದೇ ಕಾರಣಗಳಿವೆ. ನಿಯಮ ಬರೆಯುವವರು ಮೊದಲು ಅವನ್ನು ಹುಡುಕಬೇಕು.

ಹಣದಿಂದ ಶುರು ಮಾಡಿ. ಒಂದು ಚೀಲ ಹೆಚ್ಚು ಹಾಕಿದರೆ ಖರ್ಚೆಷ್ಟು? ಕಡಿಮೆ ಹಾಕಿ ಬೆಳೆ ಸೊರಗಿದರೆ ನಷ್ಟವೆಷ್ಟು? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಳೆ ಹೇಗೋ ಏನೋ ಅನ್ನುವಾಗ ಆ ಹೆಚ್ಚಿನ ಚೀಲ ರೈತರ ಪಾಲಿಗೆ ವಿಮೆ ಇದ್ದ ಹಾಗೆ. ಸಬ್ಸಿಡಿಯನ್ನೂ ಇಲ್ಲೇ ಲೆಕ್ಕಕ್ಕೆ ತನ್ನಿ. ಭಾರತದಲ್ಲಿ 2010ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶ ಆಧಾರಿತ ಸಬ್ಸಿಡಿ ಬಂತು: ಗೊಬ್ಬರದಲ್ಲಿರುವ ಪೋಷಕಾಂಶಕ್ಕೆ ಇಂತಿಷ್ಟು ನೆರವು, ಮಾರುವ ಬೆಲೆ ಕಂಪನಿಗಳ ಕೈಗೆ. ಯೂರಿಯಾ ಬೆಲೆ ಮಾತ್ರ ಸರ್ಕಾರದ ಹಿಡಿತದಲ್ಲೇ ಉಳಿಯಿತು. ಉಳಿದವು ತುಟ್ಟಿಯಾದವು, ರೈತರು ಯೂರಿಯಾ ಕಡೆ ವಾಲಿದರು. ವಾಲದೆ ಇನ್ನೇನು ಮಾಡುತ್ತಾರೆ?

ಆಮೇಲೆ, ಸಲಹೆ ಕೊಡುವವರು ಯಾರು ಎಂದು ಕೇಳಿ. ಗೊಬ್ಬರವನ್ನು ಸಾಲಕ್ಕೆ ಕೊಡುವವರೇ ಸಲಹೆಯನ್ನೂ ಕೊಟ್ಟರೆ 'ಕಡಿಮೆ ಹಾಕಿ' ಅನ್ನುವವರು ಯಾರು? ಪಕ್ಕದ ಹೊಲ ಕಡುಹಸಿರಾಗಿದ್ದರೆ ತಮ್ಮದು ಸಪ್ಪೆ ಕಾಣುತ್ತದೆ. ಮಣ್ಣು ಪರೀಕ್ಷೆಯ ಚೀಟಿಗಿಂತ ಆ ಹಸಿರನ್ನೇ ಜನ ನಂಬುತ್ತಾರೆ. ಗೇಣಿದಾರರನ್ನು ಬೇರೆಯಾಗಿ ಮಾತಾಡಿಸಿ. ಮುಂದಿನ ವರ್ಷ ಭೂಮಿ ಕೈಯಲ್ಲಿರುತ್ತದೋ ಇಲ್ಲವೋ ಅನ್ನುವವರು ಕೊಟ್ಟಿಗೆ ಗೊಬ್ಬರ ಹಾಕಿ ವರ್ಷಗಟ್ಟಲೆ ಕಾಯುತ್ತಾರಾ?

ನಿಯಮದ ಮಾತು ಇಷ್ಟಾದ ಮೇಲೆ. ಏಕಾಏಕಿ ನಿಷೇಧ ಬೇಡ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ, ಪ್ರತಿಭಟನೆ ಜೋರಾದಾಗ ಅದೇ ವರ್ಷ ಹಿಂದೆ ಸರಿಯಿತು. ಭತ್ತದ ಫಸಲು ಕುಸಿಯಿತು. ತೆರಿಗೆಯೊಂದೇ ಇದ್ದರೂ ಸಾಲದು. ನಷ್ಟದ ಭಯಕ್ಕೆ ಹಾಕುವವರು ಬೆಲೆ ಸ್ವಲ್ಪ ಏರಿದರೆ ಬಿಡುವುದಿಲ್ಲ. ಡೆನ್ಮಾರ್ಕ್ ಜಮೀನುಗಳ ಗೊಬ್ಬರಕ್ಕೆ ಲೆಕ್ಕ ಕೇಳಿತು, ಬೆಳೆ ನೋಡಿ ಸಾರಜನಕಕ್ಕೆ ಮಿತಿ ಹಾಕಿತು. ನೀರಿಗೆ ಸಾರಜನಕದ ಸೋರಿಕೆ ಇಳಿಯಿತು. ಆದರೆ ಸಾರಜನಕ ಸಾಲದೆ ಗೋಧಿಯಲ್ಲಿ ಪ್ರೋಟೀನ್ ಕಡಿಮೆಯಾಯಿತು ಎಂದು ರೈತರು ದೂರಿದರು, ಮುಂದೆ ಮಿತಿ ಸಡಿಲವಾಯಿತು. ಆ ದೂರಿನಲ್ಲೂ ಅರ್ಥವಿತ್ತು ಅಲ್ವಾ?

ಕೊನೆಗೆ ಅಳತೆ. ಬಾವಿ ನೀರನ್ನಷ್ಟೇ ನೋಡಿ ನಿಯಮ ಸೋತಿತು ಅನ್ನಬೇಡಿ. ಮಣ್ಣಿಗಿಳಿದ ನೈಟ್ರೇಟ್ ಅಂತರ್ಜಲ ಸೇರಲು ಕೆಲವೆಡೆ ದಶಕಗಳೇ ಬೇಕು. ಹೊಲಕ್ಕೆ ಹೋದ ಸಾರಜನಕ ಎಷ್ಟು, ಫಸಲಿನ ಜೊತೆ ಹೊರಬಂದದ್ದು ಎಷ್ಟು ಎಂದು ಕಳೆದು ನೋಡಿ; ಉಳಿದದ್ದು ಸೋರಬಹುದಾದ ಪಾಲು. 100 ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕ ಇರುತ್ತದೆ. ಈ ಲೆಕ್ಕಕ್ಕೆ ಒಂದು ಸುಗ್ಗಿ ಸಾಕು.