ಟರ್ಮಿನಲ್‌ನಲ್ಲಿ ಅಕ್ಷರಗಳ ಬಣ್ಣ ಮತ್ತು ಥೀಮ್ ಹೊಂದಿಸುವ ಬಗೆ

ಕಂಪ್ಯೂಟರಿಗೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನ ಬಣ್ಣ ಎರಡು ಕಡೆಗಳಲ್ಲಿ ತೀರ್ಮಾನವಾಗುತ್ತದೆ. ಸಾಮಾನ್ಯವಾಗಿ ಪ್ರೋಗ್ರಾಂ ಒಂದು ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಆ ಸಂಖ್ಯೆಗೆ ಪರದೆಯ ಮೇಲೆ ಯಾವ ಛಾಯೆ ಮೂಡಬೇಕೆಂಬುದನ್ನು ಟರ್ಮಿನಲ್‌ನ ಥೀಮ್ ನಿರ್ಧರಿಸುತ್ತದೆ. ಆದ್ದರಿಂದ ಕಪ್ಪು ಹಿನ್ನೆಲೆಯಲ್ಲಿ ಫೋಲ್ಡರುಗಳ ಕಡುನೀಲಿ ಹೆಸರುಗಳನ್ನು ಓದಲು ಕಷ್ಟವಾಗುತ್ತಿದ್ದರೆ, ಒಂದೊಂದೇ ಪ್ರೋಗ್ರಾಮನ್ನು ತಿದ್ದುತ್ತ ಹೋಗುವ ಬದಲು, ಟರ್ಮಿನಲ್‌ನ ಸೆಟ್ಟಿಂಗ್ಸ್‌ನಲ್ಲಿರುವ 16 ಬಣ್ಣಗಳ ಪಟ್ಟಿಯನ್ನು ತೆರೆದು ಆ ನೀಲಿಯನ್ನು ತುಸು ತಿಳಿಗೊಳಿಸುವುದೇ ಸರಿಯಾದ ದಾರಿ.

ಆದೇಶಗಳನ್ನು ಸಾಲಾಗಿ ಬರೆದಿಟ್ಟ ಸ್ವಂತ ಸ್ಕ್ರಿಪ್ಟ್‌ನಲ್ಲಿ ಬಣ್ಣ ಬೇಕಿದ್ದರೆ ಎಸ್ಕೇಪ್ ಅಕ್ಷರ (ಪರದೆಯಲ್ಲಿ ಕಾಣದ ನಿಯಂತ್ರಣ ಅಕ್ಷರ), ತೆರೆಯುವ ಚೌಕ ಆವರಣ, ಸಂಖ್ಯೆ, ಕೊನೆಗೆ ಇಂಗ್ಲಿಷಿನ ಸಣ್ಣ ಎಂ ಅಕ್ಷರ, ಇವನ್ನು ಇದೇ ಕ್ರಮದಲ್ಲಿ ಮುದ್ರಿಸಬೇಕು. 30ರಿಂದ 37ರವರೆಗಿನ ಸಂಖ್ಯೆಗಳು ಅಕ್ಷರದ ಬಣ್ಣಕ್ಕೆ, 40ರಿಂದ 47ರವರೆಗಿನವು ಹಿನ್ನೆಲೆಗೆ ಮೀಸಲು. 31 ಎಂದರೆ ಕೆಂಪು, 32 ಎಂದರೆ ಹಸಿರು. ಬಣ್ಣದ ಸಾಲು ಮುಗಿದೊಡನೆ ಇದೇ ಕ್ರಮದಲ್ಲಿ 0 ಸಂಖ್ಯೆಯನ್ನು ಕಳಿಸುವುದನ್ನು ಮರೆಯಬಾರದು, ಇಲ್ಲವಾದರೆ ಮುಂದಿನ ಸಾಲುಗಳೂ ಅದೇ ಬಣ್ಣದಲ್ಲಿ ಉಳಿಯುತ್ತವೆ. ಆದೇಶಗಳನ್ನು ಓದಿ ನಡೆಸುವ ಬ್ಯಾಶ್ ಎಂಬ ಪ್ರೋಗ್ರಾಮಿನ ಪ್ರಾಂಪ್ಟ್‌ನಲ್ಲಿ, ಅಂದರೆ ಆದೇಶಕ್ಕಾಗಿ ಕಾಯುವ ಸಾಲಿನ ಮೊದಲ ಗುರುತಿನಲ್ಲಿ, ಇನ್ನೊಂದು ಎಚ್ಚರ ಅಗತ್ಯ: ಪ್ರತಿ ಬಣ್ಣದ ಸಂಕೇತವನ್ನೂ ಹಿಂಬಾಗು ಗೆರೆಯೊಡನೆ ಬರೆದ ಚೌಕ ಆವರಣಗಳೊಳಗೆ (\[ ಮತ್ತು \] ನಡುವೆ) ಇಡದಿದ್ದರೆ, ಬ್ಯಾಶ್ ಅದನ್ನೂ ಕಾಣುವ ಅಕ್ಷರವೆಂದೇ ಎಣಿಸಿ, ಉದ್ದವಾದ ಆದೇಶವನ್ನು ಟೈಪ್ ಮಾಡುವಾಗ ಸಾಲು ತಪ್ಪಾದ ಜಾಗದಲ್ಲಿ ಮುರಿಯುತ್ತದೆ.

ಔಟ್‌ಪುಟ್ ಫೈಲಿಗೆ ಹೋಗುವಾಗ ಬಣ್ಣವನ್ನು ನಿಲ್ಲಿಸಿ. ಲಾಗ್, ಅಂದರೆ ಪ್ರೋಗ್ರಾಮಿನ ದಾಖಲೆಯ ಫೈಲು, ಓದುವವರಿಗೆ ಆ ಸಂಕೇತಗಳು ಬರೀ ಕಸ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದವರೂ ಇರುವುದರಿಂದ, ದೋಷದ ಸಾಲಿನಲ್ಲಿ ಬಣ್ಣದ ಜೊತೆಗೆ ‘ದೋಷ’ ಎಂಬ ಪದವನ್ನೂ ಬರೆಯಲೇಬೇಕು.